ಓಬವ್ವನ ಕಿಂಡಿಯ ಬಳಿ ಒಬ್ಬ ಮನೋಸಿದ್ಧ: ಪಾತ್ರಾಭಿನಯದ ಆಟಗಳಲ್ಲಿ ಅತೀಂದ್ರಿಯ ಪಾತ್ರ ಕಟ್ಟುವ ಬಗೆ

ಹಿರೇಗುಂಟನೂರು (ಚಿತ್ರದುರ್ಗ): ಚಿತ್ರದುರ್ಗದ ಕೋಟೆಯ ಬಂಡೆ ಸಂದಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿದ್ದುದು ಒನಕೆ ಓಬವ್ವನಿಗೆ ತಿಳಿದದ್ದು ಹೇಗೆ? ನಾಡಿನ ಶಾಲಾ ಮಕ್ಕಳಿಗೆಲ್ಲ ಉತ್ತರ ಗೊತ್ತು. ಕಹಳೆ ಊದುವ ಮುದ್ದಹನುಮ ಊಟಕ್ಕೆ ಕುಳಿತಿದ್ದ. ಗಂಡನಿಗೆ ನೀರು ತರಲೆಂದು ಹೊಂಡಕ್ಕೆ ಹೋದ ಓಬವ್ವನ ಕಿವಿಗೆ ಸದ್ದು ಬಿತ್ತು. ಆಕೆ ಒನಕೆ ಹಿಡಿದು ಕಿಂಡಿಯ ಪಕ್ಕದಲ್ಲಿ ನಿಂತಳು.

ಈಗ ಕಥೆಯನ್ನು ಕೊಂಚ ಬದಲಿಸಿ ನೋಡಬಹುದು. ಅದೇ ಕೋಟೆಯೊಳಗೆ, ಪರರ ಮನಸ್ಸನ್ನು ದೂರದಿಂದಲೇ ಓದಬಲ್ಲ ಸಿದ್ಧನೊಬ್ಬ ಇದ್ದನೆಂದು ಭಾವಿಸೋಣ. ಶತ್ರುವಿನ ಸಂಚು ಆತನಿಗೆ ಹಿಂದಿನ ರಾತ್ರಿಯೇ ತಿಳಿಯುತ್ತದೆ. ಕಿಂಡಿಗೆ ಬಂಡೆಯೊಂದನ್ನು ಉರುಳಿಸಿ ಮುಚ್ಚಲಾಗುತ್ತದೆ. ಮುದ್ದಹನುಮ ನೆಮ್ಮದಿಯಾಗಿ ಊಟ ಮುಗಿಸುತ್ತಾನೆ. ಕೋಟೆ ಉಳಿಯಿತು, ಸರಿ. ಆದರೆ ಓಬವ್ವನ ಕಥೆ ಎಲ್ಲಿ ಹೋಯಿತು?

ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎಂದು ಕರೆಯಲಾಗುವ ಪಾತ್ರಾಭಿನಯದ ಆಟಗಳನ್ನು ರೂಪಿಸುವವರು ಸುಮಾರು ಐದು ದಶಕಗಳಿಂದ ಗುದ್ದಾಡುತ್ತಿರುವುದು ಇದೇ ಪ್ರಶ್ನೆಯೊಂದಿಗೆ. ಮನಸ್ಸನ್ನು ಓದುವ, ಮುಂದಾಗುವುದನ್ನು ಕಾಣುವ, ಮುಟ್ಟದೆಯೇ ವಸ್ತುಗಳನ್ನು ಅಲುಗಿಸುವ ಪಾತ್ರವೊಂದನ್ನು ಆಟದೊಳಗೆ ಬಿಟ್ಟರೆ ಉಳಿದವರಿಗೆ ಮಾಡಲು ಏನು ಉಳಿಯುತ್ತದೆ?

ಆಟದ ಸ್ವರೂಪ

ಈ ಆಟಗಳ ಪರಿಚಯ ಇಲ್ಲದವರು ತಾಳಮದ್ದಳೆಯನ್ನು ನೆನಪಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ಕರ್ಣನಾಗುತ್ತಾರೆ, ಕೃಷ್ಣನಾಗುತ್ತಾರೆ; ಮಾತನ್ನು ಆ ಕ್ಷಣದಲ್ಲಿ ಕಟ್ಟುತ್ತಾರೆ. ಭಾಗವತರು ಪ್ರಸಂಗವನ್ನು ಮುನ್ನಡೆಸುತ್ತಾರೆ. ಪಾತ್ರಾಭಿನಯದ ಆಟದಲ್ಲಿಯೂ ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ತಲಾ ಒಂದು ಪಾತ್ರ ವಹಿಸುತ್ತಾರೆ. ಸೂತ್ರಧಾರನೊಬ್ಬ ಸನ್ನಿವೇಶ ವಿವರಿಸುತ್ತಾನೆ. ವ್ಯತ್ಯಾಸ ಇರುವುದು ಕೊನೆಯಲ್ಲಿ. ಕರ್ಣಪರ್ವದಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಸಾಯಲೇಬೇಕು. ಇಲ್ಲಿ ಹಾಗಿಲ್ಲ. ಕತ್ತಿ ಬೀಸಿದ್ದು ತಗುಲಿತೇ, ಗೋಡೆ ಹತ್ತಿದವ ಬಿದ್ದನೇ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಈ ಪ್ರಕಾರದ ಮೊದಲ ಪ್ರಕಟಿತ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು 1974ರಲ್ಲಿ ಹೊರತಂದರು. ಅದರಲ್ಲಿ ಪ್ರತಿ ಪಾತ್ರಕ್ಕೂ ಒಂದು ‘ಕ್ಲಾಸ್’ ಇರುತ್ತದೆ: ಯೋಧ, ಮಾಂತ್ರಿಕ, ಪುರೋಹಿತ, ಕಳ್ಳ ಇತ್ಯಾದಿ. ಯಾರು ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದನ್ನು ಗೊತ್ತುಪಡಿಸುವುದು ಈ ಕ್ಲಾಸ್. ಕನ್ನಡದಲ್ಲಿ ಇದನ್ನು ಪಾತ್ರವರ್ಗ ಎನ್ನೋಣವೆಂದರೆ ಅದು ಸಿನಿಮಾ ಪೋಸ್ಟರಿನ ನೆನಪು ತರುತ್ತದೆ. ಬರೀ ವರ್ಗ ಎಂದರೆ ಸರ್ಕಾರಿ ನೌಕರರಿಗೆ ಬೇರೆಯೇ ಭಯ. ಹೀಗಾಗಿ ಕ್ಲಾಸ್ ಎಂಬ ಪದವೇ ಇರಲಿ.

ನೂರರಲ್ಲಿ ಒಬ್ಬನಿಗೆ ಲಾಟರಿ

ಮನಶ್ಶಕ್ತಿಗೆ ಈ ಆಟಗಳಲ್ಲಿ ‘ಸಯಾನಿಕ್ಸ್’ ಎಂಬ ಹೆಸರಿದೆ. ಪದ ಹುಟ್ಟಿದ್ದು 1950ರ ದಶಕದ ಅಮೆರಿಕನ್ ವೈಜ್ಞಾನಿಕ ಕಥೆಗಳ ವಲಯದಲ್ಲಿ. ಅದರ ಬೆನ್ನಿಗೆ ಇದ್ದದ್ದು ಡ್ಯೂಕ್ ವಿಶ್ವವಿದ್ಯಾಲಯದ ಜೆ.ಬಿ. ರೈನ್ ನಡೆಸಿದ ಪ್ರಯೋಗಗಳು. ವೃತ್ತ, ಕೂಡಿಸುವ ಗುರುತು, ಅಲೆ, ಚೌಕ, ನಕ್ಷತ್ರ ಹೀಗೆ ಐದು ಚಿಹ್ನೆಗಳ 25 ಕಾರ್ಡುಗಳನ್ನು ಮುಚ್ಚಿಟ್ಟು, ಯಾವುದು ಯಾವುದೆಂದು ಹೇಳಿಸುವುದು ಅಲ್ಲಿನ ಪದ್ಧತಿ. ಸುಮ್ಮನೆ ಊಹಿಸಿದರೂ ಸರಾಸರಿ 5 ಸರಿಯಾಗುತ್ತವೆ. ರೈನ್ 1934ರಲ್ಲಿ ಪ್ರಕಟಿಸಿದ ಪುಸ್ತಕ ಅತೀಂದ್ರಿಯ ಗ್ರಹಣಶಕ್ತಿ ಎಂಬ ಮಾತನ್ನು ಮನೆಮಾತಾಗಿಸಿತು. ಆದರೆ ಬಿಗಿ ನಿಯಮಗಳಡಿ ಬೇರೆಯವರು ಪ್ರಯೋಗ ನಡೆಸಿದಾಗ ಅಂಥ ಫಲಿತಾಂಶ ನಿಲ್ಲಲಿಲ್ಲ.

ಆಟ ಕಟ್ಟುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಪ್ರಯೋಗಾಲಯದಲ್ಲಿ 25ಕ್ಕೆ ಸದಾ 7 ಸರಿ ಹೇಳುವವನಿದ್ದರೆ ಅವನು ಜಗತ್ತಿನ ಸುದ್ದಿ. ಆಟದ ಮೇಜಿನ ಮೇಲೆ 25ಕ್ಕೆ 7 ಬಾರಿ ಮಾತ್ರ ಫಲಿಸುವ ಸಿದ್ಧನನ್ನು ಯಾವ ತಂಡವೂ ಜೊತೆಗೆ ಕರೆದೊಯ್ಯದು. ದಾಳದಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಗೆಲುವು ಎಂದಿಟ್ಟರೆ 100ಕ್ಕೆ 65 ಬಾರಿ ಫಲ ಸಿಗುತ್ತದೆ. ಆಟಗಾರನಿಗೆ ತನ್ನ ಸರದಿ ವ್ಯರ್ಥವಾಗಲಿಲ್ಲ ಎನಿಸಲು ಹೆಚ್ಚುಕಡಿಮೆ ಇಷ್ಟಾದರೂ ಬೇಕು. ಅಂದರೆ ಆಟದ ಮನಶ್ಶಕ್ತಿ ಜಗತ್ತಿನಲ್ಲಿ ಯಾರೂ ತೋರಿಸಿರದಷ್ಟು ನಂಬಿಕಸ್ಥ ಶಕ್ತಿಯಾಗಿರಲೇಬೇಕು. ಸಮಸ್ಯೆ ಶುರುವಾಗುವುದೇ ಅಲ್ಲಿಂದ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಸಯಾನಿಕ್ಸ್ ಮೊದಲು ಕಾಣಿಸಿಕೊಂಡದ್ದು 1976ರ ‘ಎಲ್ಡ್ರಿಚ್ ವಿಝರ್ಡ್ರಿ’ ಪುರವಣಿಯಲ್ಲಿ. 1978ರ ಆಟಗಾರರ ಕೈಪಿಡಿಯ ಅನುಬಂಧದಲ್ಲಿಯೂ ಅದಕ್ಕೆ ಜಾಗ ಸಿಕ್ಕಿತು. ಆಗ ಅದು ಪ್ರತ್ಯೇಕ ಕ್ಲಾಸ್ ಆಗಿರಲಿಲ್ಲ. ನೂರರ ದಾಳ ಎಸೆಯಬೇಕು, ನೂರು ಬಿದ್ದರೆ ಶಕ್ತಿ ಒಲಿಯಿತು. ಬುದ್ಧಿ, ವಿವೇಕ, ವರ್ಚಸ್ಸು ಅಸಾಧಾರಣವಾಗಿದ್ದರೆ ಅವಕಾಶ ತುಸು ಹೆಚ್ಚು. ಯೋಧ ಯೋಧನಾಗಿಯೇ ಉಳಿದು, ಮೇಲಿಂದ ಮನಶ್ಶಕ್ತಿಯನ್ನೂ ಬಿಟ್ಟಿಯಾಗಿ ಪಡೆಯುತ್ತಿದ್ದ. ಪಕ್ಕದಲ್ಲಿ ಕುಳಿತವನಿಗೆ ಏನೂ ಇಲ್ಲ. ಒಂದೇ ಮೇಜಿನ ಸುತ್ತ ಕುಳಿತ ಐವರಲ್ಲಿ ಒಬ್ಬನಿಗೆ ಲಾಟರಿ ಹೊಡೆದರೆ ಉಳಿದ ನಾಲ್ವರ ಮುಖ ಹೇಗಿರುತ್ತದೆಂದು ವಿವರಿಸಬೇಕಿಲ್ಲ.

ಪ್ರತ್ಯೇಕ ಕ್ಲಾಸ್ ಬಂದದ್ದು 1991ರಲ್ಲಿ, ಸ್ಟೀವ್ ವಿಂಟರ್ ಬರೆದ ಕೈಪಿಡಿಯೊಂದಿಗೆ. ಅದೇ ವರ್ಷ ಹೊರಬಂದ ‘ಡಾರ್ಕ್ ಸನ್’ ಎಂಬ ಕಲ್ಪಿತ ಜಗತ್ತು ಬಯಲುಸೀಮೆಯವರಿಗೆ ಅಪರಿಚಿತ ಎನಿಸಲಾರದು. ಮಾಂತ್ರಿಕರು ಪ್ರತಿ ಮಂತ್ರಕ್ಕೂ ಗಿಡಮರಗಳ ಜೀವವನ್ನು ಹೀರಿದ್ದರಿಂದ ಆ ಲೋಕ ಮರುಭೂಮಿಯಾಗಿದೆ. ನೀರಿಗಾಗಿ ಕೊಲೆಗಳು ನಡೆಯುತ್ತವೆ. ಮನಶ್ಶಕ್ತಿ ಮಾತ್ರ ನೆಲದಿಂದ ಏನನ್ನೂ ಕೇಳುವುದಿಲ್ಲ, ಆದ್ದರಿಂದ ಎಲ್ಲರಲ್ಲಿಯೂ ಅದರ ಒಂದಿಷ್ಟು ಅಂಶ ಇದೆ. ಮಾಂತ್ರಿಕನಿಗೂ ಮನೋಸಿದ್ಧನಿಗೂ ಏನು ವ್ಯತ್ಯಾಸ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಕೊಟ್ಟ ಆಟ ಇನ್ನೊಂದಿಲ್ಲವೆಂದೇ ಹೇಳಬೇಕು. ಬಹುಪಾಲು ಕೈಪಿಡಿಗಳಲ್ಲಿ ಮಾಂತ್ರಿಕ ಬೆಂಕಿ ಎಸೆಯುತ್ತಾನೆ, ಮನೋಸಿದ್ಧನೂ ಬೆಂಕಿ ಎಸೆಯುತ್ತಾನೆ. ಹೆಸರು ಮಾತ್ರ ಬೇರೆ.

ಕೆರೆಯ ನೀರಿನ ಲೆಕ್ಕ

ವ್ಯತ್ಯಾಸ ತೋರಿಸಲು ರೂಪಕರು ಹಿಡಿದ ಇನ್ನೊಂದು ದಾರಿ ಲೆಕ್ಕಾಚಾರದ್ದು. ಮಾಂತ್ರಿಕನಿಗೆ ಇಂತಿಷ್ಟು ಚಿಕ್ಕ ಮಂತ್ರ, ಇಂತಿಷ್ಟು ದೊಡ್ಡ ಮಂತ್ರ ಎಂದು ದಿನಕ್ಕೆ ಕಟ್ಟುಪಾಡು. ಮನೋಸಿದ್ಧನಿಗೆ ಒಟ್ಟು ಅಂಕಗಳ ಒಂದು ಕೊಳ. ಅದರಿಂದ ಬೇಕಾದಂತೆ ಮೊಗೆಯಬಹುದು. ಕೇಳಲು ಸರಳ. ಆದರೆ 20 ಅಂಕಗಳಿರುವ ಸಿದ್ಧನೊಬ್ಬ ದಿನದ ನಾಲ್ಕು ಕಾಳಗಗಳಿಗೆ ತಲಾ 5ರಂತೆ ಹಂಚಿಕೊಳ್ಳುತ್ತಾನೆಂದು ಪುಸ್ತಕ ಬರೆದವರು ಎಣಿಸಿರುತ್ತಾರೆ. ಆಟಗಾರ ಮೊದಲ ಕಾಳಗದಲ್ಲಿಯೇ ಇಪ್ಪತ್ತನ್ನೂ ಸುರಿದು ಶತ್ರುವನ್ನು ಬೂದಿ ಮಾಡುತ್ತಾನೆ. ನಂತರ ಕೈಖಾಲಿ ಎಂದು ತಂಡವನ್ನೆಲ್ಲ ಮಲಗಲು ಒತ್ತಾಯಿಸುತ್ತಾನೆ. ಯೋಧನ ಪಾತ್ರಧಾರಿ ಆಕಳಿಸುತ್ತಾನೆ.

ಈ ರೋಗಕ್ಕೆ ಮದ್ದು ಕಂಡದ್ದು ಬ್ರೂಸ್ ಕಾರ್ಡೆಲ್ ರಚಿಸಿದ 2004ರ ವಿಸ್ತೃತ ಸಯಾನಿಕ್ಸ್ ಕೈಪಿಡಿಯಲ್ಲಿ. ಒಂದು ಪ್ರಯೋಗಕ್ಕೆ ಪಾತ್ರದ ಮಟ್ಟವನ್ನು ಮೀರಿ ಅಂಕ ಸುರಿಯುವಂತಿಲ್ಲ ಎಂಬ ನಿಯಮ ಅದರಲ್ಲಿತ್ತು. ಐದನೆಯ ಮಟ್ಟದ ಸಿದ್ಧನ ಬಳಿ ಎಷ್ಟೇ ಅಂಕಗಳಿದ್ದರೂ ಒಂದು ಏಟಿಗೆ 5 ಮಾತ್ರ. ಕೆರೆ ತುಂಬಿದ್ದರೂ ತೂಬಿನ ಅಳತೆ ದಾಟುವಂತಿಲ್ಲ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬುದನ್ನು ಬಲ್ಲ ಹಿರಿಯೂರು, ಚಿತ್ರದುರ್ಗದ ಮಂದಿಗೆ ಈ ನಿಯಮದ ಹಿಂದಿನ ವಿವೇಕವನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಪುಸ್ತಕದ ‘ವೈಲ್ಡರ್’ ಎಂಬ ಕ್ಲಾಸ್ ಈ ಮಿತಿಯನ್ನು ಮೀರಬಲ್ಲದು, ಆದರೆ ಬೆಲೆ ತೆತ್ತು. ಮೀರಿದ ಪ್ರತಿ ಹಂತಕ್ಕೂ ಶೇಕಡಾ 5ರಷ್ಟು ಅಪಾಯ ಏರುತ್ತ ಹೋಗುತ್ತದೆ. ದಾಳ ಕೈಕೊಟ್ಟರೆ ಪಾತ್ರಕ್ಕೆ ಮಂಕು ಬಡಿಯುತ್ತದೆ, ಒಂದಷ್ಟು ಅಂಕವೂ ನಷ್ಟ. ಜೂಜಿನ ಈ ಸೆಳೆತ ಆಟಗಾರರಿಗೆ ಹಿಡಿಸಿತು.

ನಂತರದ ಕಥೆ ಏರಿಳಿತದ್ದು. ಐದನೆಯ ಆವೃತ್ತಿ ಬಂದ ಮೇಲೆ ಪ್ರಕಾಶಕ ಸಂಸ್ಥೆ ವಿಝರ್ಡ್ಸ್ ಆಫ್ ದಿ ಕೋಸ್ಟ್ ‘ಮಿಸ್ಟಿಕ್’ ಎಂಬ ಕ್ಲಾಸನ್ನು 2015ರಿಂದ ಪರೀಕ್ಷೆಗೆ ಬಿಟ್ಟಿತು. 2017ರ ಹೊತ್ತಿಗೆ ಅದು ಇಪ್ಪತ್ತು ಮಟ್ಟಗಳಿಗೂ ಬೆಳೆದು ನಿಂತಿತ್ತು. ಆದರೆ ಅದು ಯೋಧನ ಕೆಲಸವನ್ನೂ ಮಾಡಬಲ್ಲದು, ವೈದ್ಯನ ಕೆಲಸವನ್ನೂ, ಕಳ್ಳನ ಕೆಲಸವನ್ನೂ. ಎಲ್ಲರ ಪಾಲನ್ನೂ ಒಬ್ಬನೇ ಉಣ್ಣುವ ಪಾತ್ರ ಪುಸ್ತಕದೊಳಗೆ ಬರಲೇ ಇಲ್ಲ. 2020ರಲ್ಲಿ ಮನಶ್ಶಕ್ತಿಯನ್ನು ತುಂಡು ಮಾಡಿ ಯೋಧ, ಕಳ್ಳ ಮತ್ತು ಸಹಜ ಮಾಂತ್ರಿಕರ ಉಪಶಾಖೆಗಳಿಗೆ ಹಂಚಲಾಯಿತು. ಕಳ್ಳನ ಶಾಖೆಯಾದ ‘ಸೋಲ್‌ನೈಫ್’ನಲ್ಲಿ ಒಂದು ಜಾಣ ನಿಯಮವಿದೆ: ಸೋಲಿನ ಅಂಚಿನಲ್ಲಿರುವ ಪ್ರಯತ್ನಕ್ಕೆ ಮನಶ್ಶಕ್ತಿಯ ದಾಳ ಸೇರಿಸಬಹುದು, ಆದರೂ ಗೆಲ್ಲದಿದ್ದರೆ ಆ ದಾಳ ಖರ್ಚಾಗುವುದಿಲ್ಲ. 2025ರಲ್ಲಿ ಸಂಸ್ಥೆ ‘ಸಯಾನ್’ ಎಂಬ ಪೂರ್ಣ ಕ್ಲಾಸನ್ನು ಮತ್ತೊಮ್ಮೆ ಪರೀಕ್ಷೆಗೆ ಬಿಟ್ಟಿತು.

ಪ್ರತಿಸ್ಪರ್ಧಿ ಆಟ ‘ಪಾತ್‌ಫೈಂಡರ್’ 2015ರಲ್ಲಿ ಹೊರತಂದ ‘ಅಕಲ್ಟ್ ಅಡ್ವೆಂಚರ್ಸ್’ ಬೇರೆ ಹಾದಿ ಹಿಡಿಯಿತು. ಅದರಲ್ಲಿ ಆರು ಅತೀಂದ್ರಿಯ ಕ್ಲಾಸ್‌ಗಳಿವೆ. ಮಾಂತ್ರಿಕನಿಗೆ ಉಚ್ಚಾರ ಮತ್ತು ಮುದ್ರೆ ಬೇಕಾದರೆ ಇವರಿಗೆ ಬೇಕಾದದ್ದು ಆಲೋಚನೆ ಮತ್ತು ಭಾವ. ಬಾಯಿ ಕಟ್ಟಿದರೂ ಪ್ರಯೋಗ ನಿಲ್ಲದು, ಹೆದರಿಸಿದರೆ ನಿಂತುಹೋಗುತ್ತದೆ! ಮನಸ್ಸಿನ ಶಕ್ತಿಗೆ ಮನಸ್ಸೇ ದೌರ್ಬಲ್ಯವಾಗುವ ಈ ಉಪಾಯಕ್ಕೆ ಪುಟಗಟ್ಟಲೆ ವಿವರಣೆ ಬೇಕಾಗಲಿಲ್ಲ.

ಅಲ್ಲಮನ ದೇಹ, ಗೋರಕ್ಷನ ದೇಹ

ಇಷ್ಟೆಲ್ಲ ಪುಸ್ತಕಗಳಲ್ಲಿ ಚಕ್ರ, ಮೂರನೆಯ ಕಣ್ಣು, ಧ್ಯಾನ ಮುಂತಾದ ಪದಗಳು ಧಾರಾಳವಾಗಿ ಓಡಾಡುತ್ತವೆ. ಅವು ಬಂದ ನಾಡಿನಲ್ಲಿ ಸಿದ್ಧಿಗಳ ಬಗ್ಗೆ ಇರುವ ಮುಖ್ಯ ತಕರಾರು ಮಾತ್ರ ಅಲ್ಲಿಗೆ ತಲುಪಿದಂತಿಲ್ಲ. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದ ಸಿದ್ಧಿಗಳನ್ನು ಸಾಲಾಗಿ ಹೇಳುತ್ತದೆ. ಅವು ಸಮಾಧಿಗೆ ಅಡ್ಡಿ ಎಂದೂ ಅದೇ ಪಾದದಲ್ಲಿ ಎಚ್ಚರಿಸುತ್ತದೆ. ಆಟದ ಭಾಷೆಗೆ ಇಳಿಸಿದರೆ ಇದೊಂದು ಅಪ್ಪಟ ನಿಯಮ. ಅಣಿಮಾ, ಮಹಿಮಾ, ಗರಿಮಾ, ಲಘಿಮಾ, ಪ್ರಾಪ್ತಿ, ಪ್ರಾಕಾಮ್ಯ, ಈಶಿತ್ವ, ವಶಿತ್ವ ಎಂಬ ಎಂಟರಲ್ಲಿ ಯಾವುದನ್ನು ಬಳಸಿದರೂ ಪಾತ್ರ ತನ್ನ ಅಂತಿಮ ಗುರಿಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ ಎಂದಿಟ್ಟರೆ ಅಂಕಗಳ ಕೊಳವೇ ಬೇಕಾಗದು. ಸಹಚರರ ಜೀವ ಉಳಿಸಲು ತನ್ನ ಸಾಧನೆಯನ್ನು ಪಣಕ್ಕಿಡಬೇಕೇ ಎಂಬ ಪ್ರಶ್ನೆಯನ್ನು ಆಟಗಾರ ಪ್ರತಿ ಸಲವೂ ಎದುರಿಸಬೇಕಾಗುತ್ತದೆ.

ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಶೂನ್ಯಸಂಪಾದನೆಯಲ್ಲಿದೆ, ಚಾಮರಸನ ಪ್ರಭುಲಿಂಗಲೀಲೆಯಲ್ಲಿದೆ. ವಜ್ರಕಾಯ ಸಾಧಿಸಿದ ಗೋರಕ್ಷ ತನ್ನ ಮೈಮೇಲೆ ಕತ್ತಿ ಬೀಸುವಂತೆ ಅಲ್ಲಮನಿಗೆ ಸವಾಲೆಸೆಯುತ್ತಾನೆ. ಕತ್ತಿ ಬಡಿದು ಖಣಿಲೆಂದು ಸದ್ದಾಗುತ್ತದೆ, ದೇಹಕ್ಕೆ ಗಾಯವಿಲ್ಲ. ಸರದಿ ಬದಲಾಗುತ್ತದೆ. ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ, ಸದ್ದೂ ಇಲ್ಲ. ಗೋರಕ್ಷನ ಗರ್ವ ಅಲ್ಲಿಗೆ ಮುಗಿಯುತ್ತದೆ.

ಆಟದ ಕಣ್ಣಿನಿಂದ ನೋಡಿದರೆ ಇವು ಎರಡು ಬೇರೆ ರಕ್ಷಣೆಗಳು. ಒಂದು ಪೆಟ್ಟನ್ನು ತಡೆದುಕೊಳ್ಳುತ್ತದೆ. ಇನ್ನೊಂದಕ್ಕೆ ಪೆಟ್ಟೇ ತಗುಲದು. ಎರಡನೆಯದು ಮೇಲೆಂದು ಕಾವ್ಯ ಹೇಳುತ್ತದೆ. ಆಟದಲ್ಲಿ ಹಾಗೆಯೇ ಬಿಟ್ಟರೆ ಎಲ್ಲರೂ ಅದನ್ನೇ ಆಯ್ದುಕೊಂಡಾರು. ಆದ್ದರಿಂದ ರೂಪಕ ತರ್ಕವನ್ನು ಮುಂದುವರಿಸಬೇಕು: ಕತ್ತಿ ಹಾದುಹೋಗುವ ದೇಹಕ್ಕೆ ಕತ್ತಿ ಹಿಡಿಯಲೂ ಆಗದು. ಬಯಲಾದವನು ಬಾಗಿಲು ತಳ್ಳಲಾರ, ಬಿದ್ದ ಗೆಳೆಯನನ್ನು ಎತ್ತಲಾರ. ಗೋರಕ್ಷನಂಥವನು ಗಾಯಗೊಂಡವರನ್ನು ಬೆನ್ನ ಮೇಲೆ ಹೊತ್ತು ಬಾಣಗಳ ನಡುವೆ ನಡೆಯಬಲ್ಲ. ಇಬ್ಬರೂ ತಂಡಕ್ಕೆ ಬೇಕಾಗುತ್ತಾರೆ.

ಎಲ್ಲ ಪವಾಡಗಳನ್ನೂ ಹೀಗೆ ಸಲೀಸಾಗಿ ಎತ್ತಿಕೊಳ್ಳಲಾಗದು. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಶಾಸನವೊಂದಿದೆ. ಜೈನರೊಂದಿಗೆ ಪಣತೊಟ್ಟ ಏಕಾಂತದ ರಾಮಯ್ಯ ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೆ ಅರ್ಪಿಸಿ ಮರಳಿ ಪಡೆದನೆಂದು ಅದು ಹೇಳುತ್ತದೆ. ಅದೇ ಶಾಸನದಲ್ಲಿ ಜಿನಬಿಂಬ ಒಡೆದ ಪ್ರಸಂಗವೂ ಇದೆ. ಒಬ್ಬರಿಗೆ ಪವಾಡವಾದದ್ದು ಇನ್ನೊಬ್ಬರಿಗೆ ಗಾಯ. ಎರಡೂ ಸಮುದಾಯದವರು ಇಂದಿಗೂ ಅಕ್ಕಪಕ್ಕ ಬಾಳುತ್ತಿರುವ ನಾಡಿನಲ್ಲಿ ಇದನ್ನು ‘ಮರುಹುಟ್ಟು, ದಿನಕ್ಕೊಮ್ಮೆ’ ಎಂದು ಪಟ್ಟಿಗೆ ಸೇರಿಸುವುದು ತೀರಾ ಅಗ್ಗದ ಕೆಲಸ.

ಮುಂದಾಗುವುದನ್ನು ಹೇಳುವುದು ಹೇಗೆ?

ಅತೀಂದ್ರಿಯ ಕ್ಲಾಸ್‌ಗಳಲ್ಲಿ ಅತ್ಯಂತ ಕಠಿಣವಾದದ್ದು ಭವಿಷ್ಯದರ್ಶನ. ಕಾರಣ ಸರಳ: ಭವಿಷ್ಯ ಸೂತ್ರಧಾರನಿಗೂ ಗೊತ್ತಿಲ್ಲ. ದಾಳ ಇನ್ನೂ ಉರುಳಿಲ್ಲ. ನಾಳೆ ಸೇನಾಪತಿ ಸಾಯುತ್ತಾನೆಂದು ಸೂತ್ರಧಾರ ಹೇಳಿಬಿಟ್ಟರೆ ಅದನ್ನು ನಿಜವಾಗಿಸಲು ದಾಳವನ್ನು ವಂಚಿಸಬೇಕು, ಇಲ್ಲವೇ ಸಿದ್ಧನನ್ನು ಸುಳ್ಳುಗಾರನಾಗಿಸಬೇಕು.

ಇದಕ್ಕೆ ಪರಿಹಾರ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿದೆ ಎಂದರೆ ಅಚ್ಚರಿಯಾಗಬಹುದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ಸದ್ದಡಗುವಂತೆ ಕೂಗುತ್ತಾನೆ. ಕಿಕ್ಕಿರಿದ ಮೈದಾನ ನಿಶ್ಶಬ್ದವಾಗುತ್ತದೆ. ಒಂದೇ ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಬೆಳಗಾದರೆ ಪತ್ರಿಕೆಗಳಲ್ಲಿ ಅದರ ಅರ್ಥ: ಮಳೆ ಎನ್ನುತ್ತಾರೆ ರೈತರು, ರಾಜಕೀಯ ಎನ್ನುತ್ತಾರೆ ರಾಜಕಾರಣಿಗಳು.

ಇಲ್ಲಿನ ಕಟ್ಟಡವನ್ನು ಗಮನಿಸಬೇಕು. ನುಡಿಯುವ ಅವಕಾಶ ವರ್ಷಕ್ಕೊಮ್ಮೆ. ಸಿದ್ಧತೆ ದೀರ್ಘ, ದೇಹದಂಡನೆ ನಿಜ. ಮಾತು ಒಂದೇ ಸಾಲು. ಅರ್ಥ ಹೇಳುವ ಹೊಣೆ ನುಡಿದವನದಲ್ಲ, ಕೇಳಿದವರದು. ಆಟದಲ್ಲಿಯೂ ಸಿದ್ಧನ ಪಾತ್ರಧಾರಿಯೇ ಒಂದು ಸಾಲನ್ನು ಹೇಳಲಿ. ಅದು ಯಾವ ರೀತಿಯಲ್ಲಿ ನಿಜವಾಯಿತೆಂದು ಮುಂದೆ ಮೇಜಿನ ಸುತ್ತ ಕುಳಿತವರೇ ಕಂಡುಕೊಳ್ಳಲಿ. ಆ ಸಾಲಿಗೆ ತಕ್ಕಂತೆ ಧೈರ್ಯ ಮಾಡಿ ಮುನ್ನುಗ್ಗಿದವನಿಗೆ ದಾಳವನ್ನು ಎರಡನೆಯ ಬಾರಿ ಎಸೆಯುವ ಅವಕಾಶ ಸಿಗಲಿ. ಸೂತ್ರಧಾರ ಏನನ್ನೂ ಮುಂಚಿತವಾಗಿ ತಿಳಿದಿರಬೇಕಿಲ್ಲ, ಯಾರೂ ಮೋಸ ಮಾಡಬೇಕಿಲ್ಲ.

ಆದರೆ ಕ್ಲಾಸಿಗೆ ‘ಗೊರವ’ ಎಂದು ಹೆಸರಿಡಬಹುದೇ? ಇಲ್ಲಿ ಎಚ್ಚರ ಅಗತ್ಯ. ಗೊರವರು, ಬುಡಬುಡಿಕೆಯವರು, ಸುಡುಗಾಡುಸಿದ್ಧರು ಕಾಲ್ಪನಿಕರಲ್ಲ. ಪಡಿತರ ಚೀಟಿ, ಶಾಲೆಗೆ ಹೋಗುವ ಮಕ್ಕಳು ಇರುವ ಜನ. ನಸುಕಿನಲ್ಲಿ ಹಾಲಕ್ಕಿಯ ನುಡಿ ಹೇಳುತ್ತ ಬರುವವನ ಕುಲದವರಿಗೆಲ್ಲ ಅತೀಂದ್ರಿಯ ಶಕ್ತಿಯಿದೆ ಎಂದು ಆಟದಲ್ಲಿ ಬರೆದರೆ, ಅವರಿಗೆ ಮಾಟ ಗೊತ್ತೆಂದು ಊರಾಚೆ ಇಟ್ಟ ಹಳೆಯ ಅನುಮಾನವನ್ನೇ ಹೊಸ ಕಾಗದದಲ್ಲಿ ಮುದ್ರಿಸಿದಂತೆ. 2022ರಲ್ಲಿ ‘ಕಾಂತಾರ’ ಚಿತ್ರ ಗೆದ್ದ ಬಳಿಕ ವೇದಿಕೆಗಳ ಮೇಲೆ ದೈವದ ಅನುಕರಣೆ ಹೆಚ್ಚಿ, ತುಳುನಾಡಿನ ದೈವಾರಾಧಕರಿಂದ ತೀವ್ರ ಆಕ್ಷೇಪ ಬಂದದ್ದು ಇತ್ತೀಚಿನ ನೆನಪು. ಕಟ್ಟಡವನ್ನು ಕಲಿಯಬಹುದು, ಹೆಸರು, ವೇಷ, ದೈವವನ್ನು ಎತ್ತಿಕೊಳ್ಳುವುದು ಬೇರೆ ಮಾತು.

ಮನಸ್ಸಿನ ಬಾಗಿಲು ಯಾರದು?

ಎಂಟು ಸಿದ್ಧಿಗಳಲ್ಲಿ ಮೇಜಿನ ಸುತ್ತ ಹೆಚ್ಚು ಜಗಳ ತರುವುದು ಕೊನೆಯದು, ವಶಿತ್ವ. ಶತ್ರುವನ್ನು ವಶ ಮಾಡಿಕೊಂಡರೆ ಚಪ್ಪಾಳೆ. ಅದೇ ಶಕ್ತಿಯನ್ನು ಜೊತೆಗಾರನ ಪಾತ್ರದ ಮೇಲೆ ಹಾಕಿದರೆ, ಆ ಆಟಗಾರನ ಕೈಯಲ್ಲಿ ಉಳಿಯುವುದು ಏನು? ಈ ಆಟದಲ್ಲಿ ಒಬ್ಬರಿಗೆ ಇರುವ ಆಸ್ತಿ ಒಂದೇ, ತನ್ನ ಪಾತ್ರ ಏನು ಮಾಡುತ್ತದೆಂದು ಹೇಳುವ ಹಕ್ಕು. ಬಲವಂತ, ದಬ್ಬಾಳಿಕೆಯ ಅನುಭವವಿದ್ದವರಿಗೆ ಇಂಥ ದೃಶ್ಯ ಆಟವಾಗಿ ಉಳಿಯದೆಯೂ ಇರಬಹುದು. ಆದ್ದರಿಂದಲೇ ಅನೇಕ ತಂಡಗಳು ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ಎಕ್ಸ್ ಕಾರ್ಡ್ ಬಳಸುತ್ತವೆ. ಮೇಜಿನ ನಡುವೆ ಎಕ್ಸ್ ಗುರುತಿನ ಚೀಟಿಯೊಂದಿರುತ್ತದೆ. ಯಾರಾದರೂ ಅದನ್ನು ಮುಟ್ಟಿದರೆ ಆ ಪ್ರಸಂಗವನ್ನು ಕೈಬಿಡಲಾಗುತ್ತದೆ, ಕಾರಣ ಕೇಳುವಂತಿಲ್ಲ. ಸಹ ಆಟಗಾರನ ಪಾತ್ರದ ಮನಸ್ಸನ್ನು ಆತನ ಒಪ್ಪಿಗೆ ಇಲ್ಲದೆ ಹೊಗುವಂತಿಲ್ಲ ಎಂಬ ನಿಯಮವನ್ನು ಕ್ಲಾಸಿನಲ್ಲಿಯೇ ಬರೆದುಬಿಡುವುದು ಇನ್ನೂ ಉತ್ತಮ.

ಶಕ್ತಿಗೆ ತೆರುವ ಬೆಲೆಯಾಗಿ ಹುಚ್ಚನ್ನು ಇಡುವ ಚಾಳಿಯೂ ಹಳೆಯದು. ಪಾತ್ರದ ಮಾನಸಿಕ ಸ್ವಾಸ್ಥ್ಯಕ್ಕೆ ಅಂಕ ಕೊಟ್ಟು ಕಳೆಯುತ್ತ ಹೋಗುವ ಪದ್ಧತಿಯನ್ನು 1981ರ ‘ಕಾಲ್ ಆಫ್ ಕ್ತುಲ್ಹು’ ಜನಪ್ರಿಯಗೊಳಿಸಿತು. ಭಯಾನಕ ಕಥೆಗಳಿಗೆ ಅದು ಹೊಂದಿತು. ಆದರೆ ಮನೆಯಲ್ಲಿ ಒಬ್ಬರಿಗೆ ಇಲ್ಲದ ಧ್ವನಿಗಳು ಕೇಳಿಸಲು ಶುರುವಾದಾಗ ವೈದ್ಯರ ಬಳಿಗೆ ಹೋಗುವ ಮೊದಲು ಗಾಳಿ ಬಿಡಿಸುವವರ ಬಳಿಗೆ ಕರೆದೊಯ್ಯುವ ರೂಢಿ ಇನ್ನೂ ಇರುವ ಕಡೆ, ಕಾಯಿಲೆಯನ್ನೂ ಸಿದ್ಧಿಯನ್ನೂ ಒಂದೇ ದಾರದಲ್ಲಿ ಪೋಣಿಸುವುದು ಆಟಕ್ಕೂ ಒಳ್ಳೆಯದಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ಅಪರಾಧವಾಗಿಸಿದ ರಾಜ್ಯದ ಕಾಯಿದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದಕ್ಕೂ ನಾಲ್ಕು ದಶಕ ಮೊದಲು, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ್ದರು. ಆಟದ ಸಿದ್ಧ ಆ ಪರೀಕ್ಷೆಯಿಂದ ಮುಕ್ತ. ಆತನ ಶಕ್ತಿ ನಿಜವೆಂದು ಮೇಜಿನ ಸುತ್ತ ಕುಳಿತವರೆಲ್ಲ ಮೊದಲೇ ಒಪ್ಪಿಕೊಂಡಿರುತ್ತಾರೆ, ಆಟ ಮುಗಿದ ಮೇಲೆ ಒಪ್ಪಂದವೂ ಮುಗಿಯುತ್ತದೆ.

ಹಿರೇಗುಂಟನೂರಿನಿಂದ ಕೋಟೆಗೆ

ಇಷ್ಟನ್ನು ಒಟ್ಟುಗೂಡಿಸಿ ಕ್ಲಾಸ್ ಒಂದನ್ನು ಕಟ್ಟಿದರೆ ಹೇಗಿದ್ದೀತು? ಹೆಸರು ‘ನುಡಿಸಿದ್ಧ’ ಎಂದಿರಲಿ, ಯಾವ ಜಾತಿಯದೂ ಅಲ್ಲದ ಹೆಸರು. ಮಟ್ಟದ ಮೂರರಷ್ಟು ಅಂಕ, ಒಂದು ಪ್ರಯೋಗಕ್ಕೆ ಮಟ್ಟದಷ್ಟೇ ಮ‌ಿತಿ. ಐದನೆಯ ಮಟ್ಟದಲ್ಲಿ 15 ಮತ್ತು 5. ಒಂದು ಅಂಕಕ್ಕೆ ಸಮೀಪದವರ ಹಸಿವು, ಭಯ, ಸಿಟ್ಟು ಅರಿವಾಗುತ್ತದೆ, ಮಾತುಗಳು ಕೇಳಿಸುವುದಿಲ್ಲ. ಮೂರು ಅಂಕಕ್ಕೆ ಗರಿಮೆ: ನಿಂತ ನೆಲದಿಂದ ಯಾರೂ ಕದಲಿಸಲಾರರು, ತಾನೂ ಕದಲಲಾರ. ಒಂದು ಸಾಹಸಕ್ಕೆ ಒಮ್ಮೆ ಮಾತ್ರ, ಒಂದು ಸಾಲಿನ ನುಡಿ. ಖರ್ಚಾದ ಅಂಕ ಮರಳಬೇಕಾದರೆ ಒಂದು ಹಗಲು ಮೌನ. ಆಟಗಾರನೂ ಆ ಹೊತ್ತು ಸನ್ನೆಯಲ್ಲಿಯೇ ತಿಳಿಸಬೇಕು. ಮೌನದಲ್ಲಿರುವ ಗೆಳೆಯನ ಸನ್ನೆಯನ್ನು ಉಳಿದವರು ತಪ್ಪಾಗಿ ತಿಳಿಯುವುದರಲ್ಲಿಯೇ ಅರ್ಧ ಆಟ ಇದೆ.

ಇದನ್ನು ಕನ್ನಡದಲ್ಲಿ ಬರೆದು ಹಂಚಲು ಕಾನೂನಿನ ತೊಡಕೂ ಹೆಚ್ಚಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೆಯ ಆವೃತ್ತಿಯ ಮೂಲ ನಿಯಮಾವಳಿಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಲಾಗಿದೆ. ಮೂಲವನ್ನು ಸ್ಮರಿಸಿ ಯಾರು ಬೇಕಾದರೂ ಅದರ ಮೇಲೆ ಕಟ್ಟಬಹುದು, ಮಾರಲೂಬಹುದು. ಸಂಸ್ಥೆಯ ಸ್ವಂತ ಮನಶ್ಶಕ್ತಿ ಉಪಶಾಖೆಗಳು ಆ ಮುಕ್ತ ಭಾಗದಲ್ಲಿಲ್ಲ. ಹೊಸದಾಗಿ ಬರೆಯುವವರಿಗೆ ಅದೂ ಒಂದು ಅನುಕೂಲವೇ.

ಬರೆದ ಮೇಲೆ ಪರೀಕ್ಷೆ. ಕಾಲ 1779ಕ್ಕೂ ಮುಂಚಿನ ಮುತ್ತಿಗೆ. ಹಿರೇಗುಂಟನೂರಿನಿಂದ ದುರ್ಗಕ್ಕೆ ಕಾಳು ಹೊತ್ತು ಬಂದು ಕೋಟೆಯೊಳಗೆ ಸಿಕ್ಕಿಕೊಂಡ ಐವರ ತಂಡ. ಅದರಲ್ಲೊಬ್ಬ ನುಡಿಸಿದ್ಧ, ಇನ್ನೊಬ್ಬಾಕೆ ಕಾವಲುಗಾರನ ಹೆಂಡತಿ. ಮಧ್ಯಾಹ್ನದ ಹೊತ್ತು ಸಿದ್ಧ ಒಂದು ಅಂಕ ವ್ಯಯಿಸುತ್ತಾನೆ. ಬಂಡೆಗಳ ಕೆಳಗೆಲ್ಲೋ ಅನೇಕರ ಭಯ, ಅನೇಕರ ಹಸಿವು ತಿಳಿಯುತ್ತದೆ. ಆದರೆ ಮುತ್ತಿಗೆಯ ದಿನಗಳಲ್ಲಿ ಕೋಟೆಯೊಳಗಿನವರಿಗೂ ಹಸಿವಿದೆ, ಭಯವಿದೆ. ಎಷ್ಟು ಮಂದಿ, ಯಾವ ಸಂದಿ, ನಮ್ಮವರೋ ಪರರೋ ಎಂಬುದು ಗೊತ್ತಾಗುವುದಿಲ್ಲ. ಯಾರಾದರೂ ಕೊಡ ಹಿಡಿದು ಹೊಂಡದವರೆಗೆ ಹೋಗಿ ಕಿವಿಗೊಟ್ಟು ಕೇಳಬೇಕು. ಆಗ ಸೂತ್ರಧಾರ ಕಾವಲುಗಾರನ ಹೆಂಡತಿಯ ಪಾತ್ರಧಾರಿಯತ್ತ ತಿರುಗಿ, ಕೈಯಲ್ಲಿ ಏನಿದೆ ಎಂದು ಕೇಳುತ್ತಾನೆ.